ಬ್ರೋಕನ್ ಹಿಲ್ ಮಸೀದಿಯ ಪುಸ್ತಕ

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಪಶ್ಚಿಮದ ಅಂಚಿನಲ್ಲಿ ಬ್ರೋಕನ್ ಹಿಲ್ ಎಂಬ ಗಣಿಯ ಊರಿದೆ. ಪ್ರಾಂತ್ಯದ ರಾಜಧಾನಿ ಸಿಡ್ನಿ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನೆರೆಯ ಪ್ರಾಂತ್ಯದ ಅಡಿಲೇಡೇ ಹತ್ತಿರವಾದ್ದರಿಂದ ಊರಿನ ಗಡಿಯಾರಗಳು ಇಂದಿಗೂ ಅಡಿಲೇಡಿನ ಹೊತ್ತನ್ನೇ ತೋರಿಸುತ್ತವೆ. 1883ರಲ್ಲಿ ಇಲ್ಲಿ ಬೆಳ್ಳಿ, ಸೀಸ, ಸತುವುಗಳ ನಿಕ್ಷೇಪ ಪತ್ತೆಯಾಯಿತು. ಎರಡು ವರ್ಷಗಳಲ್ಲಿ ಕಂಪನಿ ಹುಟ್ಟಿತು, ಕುರಿ ಮೇಯುತ್ತಿದ್ದ ಬಯಲಿನಲ್ಲಿ ಊರೂ ಹುಟ್ಟಿತು. ಈ ಊರಿನ ಉತ್ತರ ಭಾಗದಲ್ಲಿ ತಗಡಿನಿಂದ ಕಟ್ಟಿದ ಪುಟ್ಟ ಮಸೀದಿಯೊಂದಿದೆ. ಈಗ ಅದು ಊರಿನ ಇತಿಹಾಸ ಸಂಘದವರು ಕಾಪಾಡಿಕೊಂಡು ಬಂದಿರುವ ವಸ್ತುಸಂಗ್ರಹಾಲಯ. ಅದರೊಳಗಿದ್ದ ದಪ್ಪನೆಯ ಹಳೆಯ ಪುಸ್ತಕವೊಂದನ್ನು ಬಹುಕಾಲ ಎಲ್ಲರೂ ಕುರಾನ್ ಎಂದೇ ನಂಬಿದ್ದರು. ನಾವು ಹೇಳಹೊರಟಿರುವುದು ಆ ಪುಸ್ತಕದ ಕಥೆ.

ಮೊದಲು ಮಸೀದಿ ಅಲ್ಲಿಗೆ ಬಂದ ಬಗೆಯನ್ನು ನೋಡೋಣ. ಆಸ್ಟ್ರೇಲಿಯದ ಒಳನಾಡು ನೀರಿಲ್ಲದ ನಾಡು. ಕುದುರೆ, ಎತ್ತುಗಳು ಅಲ್ಲಿ ಸೋತವು. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಅವರ ಅನ್ವೇಷಣಾ ತಂಡಕ್ಕಾಗಿ ಹಿಂದೂಸ್ಥಾನದಿಂದ ಇಪ್ಪತ್ತನಾಲ್ಕು ಒಂಟೆಗಳನ್ನು ತರಿಸಿದರು. 1866ರಲ್ಲಿ ಥಾಮಸ್ ಎಲ್ಡರ್ ಎಂಬ ವರ್ತಕ ಕರಾಚಿಯಿಂದ ನೂರಕ್ಕೂ ಮಿಕ್ಕಿ ಒಂಟೆಗಳನ್ನೂ, ಅವನ್ನು ನಡೆಸುವ ಮೂವತ್ತೊಂದು ಜನರನ್ನೂ ಹಡಗಿನಲ್ಲಿ ಇಳಿಸಿಕೊಂಡ. (ಅದೇ ಕಾಲದಲ್ಲಿ ಎದುರು ದಿಕ್ಕಿನಲ್ಲಿ, ನ್ಯೂ ಸೌತ್ ವೇಲ್ಸಿನ 'ವೇಲರ್' ಕುದುರೆಗಳು ಕಲ್ಕತ್ತೆಗೂ ಮದರಾಸಿಗೂ ಹಡಗೇರುತ್ತಿದ್ದವು. ಒಂಟೆ ಅಲ್ಲಿಗೆ, ಕುದುರೆ ಇಲ್ಲಿಗೆ!) ಮುಂದಿನ ಅರ್ಧ ಶತಮಾನ ಒಳನಾಡಿಗೆ ಅಕ್ಕಿ, ಹಿಟ್ಟು, ತಂತಿಕಂಬ, ಹಳಿಗಳನ್ನು ಹೊತ್ತದ್ದು, ಉಣ್ಣೆಯನ್ನು ಹೊರಗೆ ತಂದದ್ದು ಈ ಒಂಟೆಗಳೇ.

ಒಂಟೆಯವರು ಪೇಶಾವರ, ಬಲೂಚಿಸ್ತಾನ, ಸಿಂಧ್, ಪಂಜಾಬ್, ಕಾಶ್ಮೀರ ಹೀಗೆ ನಾನಾ ಕಡೆಯವರು. ಆದರೆ ಆಸ್ಟ್ರೇಲಿಯದ ಬಾಯಲ್ಲಿ ಎಲ್ಲರೂ 'ಆಫ್ಘನ್'ರು, ತುಂಡರಿಸಿ 'ಘಾನ್'ಗಳು. ಅವರ ಬಿಡಾರಗಳಿಗೆ 'ಘಾನ್ ಟೌನ್' ಎಂದು ಹೆಸರು. ಊರಿನ ಅಂಚಿನ ಈ ಬಿಡಾರಗಳಲ್ಲಿ ಖರ್ಜೂರದ ಮರಗಳೂ ತಗಡಿನ ಮಸೀದಿಗಳೂ ಎದ್ದವು. ದಿಲ್ಲಿ, ಮುಂಬಯಿಗಳಲ್ಲಿ ತಲೆಮಾರುಗಳ ಕಾಲ 'ಮದ್ರಾಸಿ'ಗಳೆನಿಸಿಕೊಂಡು ಬಾಳಿದ ನಮಗೆ ಈ ನಾಮಕರಣದ ರೀತಿ ಅಪರಿಚಿತವೇನಲ್ಲ.

ಬ್ರೋಕನ್ ಹಿಲ್ ತನ್ನ ಒಂಟೆಯವರನ್ನು ಮುಖ್ಯವಾಗಿ ನೆನೆಯುವುದು ಒಂದೇ ಒಂದು ದಿನದ ಕಾರಣದಿಂದ. 1915ರ ಜನವರಿ 1ರಂದು ಇಬ್ಬರು ಐಸ್‌ಕ್ರೀಮ್ ಗಾಡಿಯ ಮರೆಯಲ್ಲಿ ನಿಂತು, ತುರ್ಕಿಯ ಬಾವುಟ ಹಾರಿಸಿ, ವನವಿಹಾರಕ್ಕೆ ಹೊರಟಿದ್ದ ರೈಲಿನ ಮೇಲೆ ಗುಂಡು ಹಾರಿಸಿದರು. ನಾಲ್ವರು ಸತ್ತರು, ಆಮೇಲೆ ಗುಂಡು ಹಾರಿಸಿದ ಇಬ್ಬರೂ ಸತ್ತರು. ಅವರಲ್ಲೊಬ್ಬ, ಮುಲ್ಲಾ ಅಬ್ದುಲ್ಲಾ, ಬಿಡಾರದ ಧಾರ್ಮಿಕ ಮುಖಂಡ. ಪರವಾನಗಿಯಿಲ್ಲದೆ ಕುರಿ ಕೊಯ್ದನೆಂದು ಅದೇ ದಿನಗಳಲ್ಲಿ ದಂಡಕ್ಕೊಳಗಾಗಿದ್ದವನು. ಈ ಪ್ರಸಂಗದ ಮೇಲೆ ಬರೆದಷ್ಟನ್ನು ಆ ಬಿಡಾರದ ಉಳಿದ ಸಾವಿರಾರು ಸಾಧಾರಣ ದಿನಗಳ ಮೇಲೆ ಯಾರೂ ಬರೆದಿಲ್ಲ. ನಮ್ಮ ಪುಸ್ತಕ ಸೇರಿದ್ದು ಆ ಸಾಧಾರಣ ದಿನಗಳಿಗೆ.

ಬಿಡಾರಗಳು ಬರಿದಾದುದಕ್ಕೆ ಲಾರಿ, ರೈಲುಗಳಷ್ಟೇ ಕಾರಣವಲ್ಲ. ಆಸ್ಟ್ರೇಲಿಯ ಒಕ್ಕೂಟವಾದ 1901ರಲ್ಲೇ ಅಲ್ಲಿನ ಸಂಸತ್ತು ವಲಸೆ ನಿರ್ಬಂಧ ಕಾಯಿದೆಯನ್ನು ತಂದಿತು. ಕಾಯಿದೆಯಲ್ಲಿ ಬಣ್ಣದ ಮಾತಿಲ್ಲ. ಇದ್ದದ್ದು ಉಕ್ತಲೇಖನದ ಪರೀಕ್ಷೆ. ಬಂದಿಳಿದವನು ಯುರೋಪಿನ ಯಾವುದಾದರೂ ಒಂದು ಭಾಷೆಯಲ್ಲಿ, ಅಧಿಕಾರಿ ಓದಿ ಹೇಳಿದ ಐವತ್ತು ಪದಗಳನ್ನು ಬರೆಯಬೇಕು. ಭಾಷೆಯ ಆಯ್ಕೆ ಅಧಿಕಾರಿಯದು! ಬೇಡದವನಿಗೆ ಅವನರಿಯದ ಭಾಷೆಯನ್ನು ಆರಿಸಿದರಾಯಿತು. 1934ರಲ್ಲಿ ಪ್ರಾಗ್ ನಗರದ ಲೇಖಕ ಎಗೋನ್ ಕಿಷ್ ಬಂದಾಗ, ಆತ ಹಲವು ಯುರೋಪಿಯನ್ ಭಾಷೆಗಳನ್ನು ಬಲ್ಲವನೆಂದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು. ಆ ಕಾಯಿದೆಯ ಅರ್ಥದಲ್ಲಿ ಗೇಲಿಕ್ ಯುರೋಪಿನ ಭಾಷೆಯೇ ಅಲ್ಲವೆಂದು ಅಲ್ಲಿನ ಉಚ್ಚ ನ್ಯಾಯಾಲಯ ತೀರ್ಪಿತ್ತಿತು; ಅದು ಇನ್ನೊಂದು ವಿನೋದ. ಈ ಪರೀಕ್ಷೆ ಹೋದದ್ದು 1958ರಲ್ಲಿ. ಅಷ್ಟರಲ್ಲಿ ಬ್ರೋಕನ್ ಹಿಲ್‌ನ ಬಿಡಾರದಲ್ಲಿ ಹೊಸಬರಿಲ್ಲ, ಹಳಬರು ಉಳಿದಿಲ್ಲ. ಮಸೀದಿಯ ಪುಸ್ತಕವಿತ್ತು, ಓದುವವರಿರಲಿಲ್ಲ.

2009ರಲ್ಲಿ ಸಾಮಿಯಾ ಖಾತೂನ್ ಎಂಬ ಇತಿಹಾಸಕಾರ್ತಿ ಆ ಮಸೀದಿಗೆ ಹೋದರು. ಅವರು ಬಾಂಗ್ಲಾದೇಶದಲ್ಲಿ ಹುಟ್ಟಿ ಸಿಡ್ನಿಯಲ್ಲಿ ಬೆಳೆದವರು. ಕುರಾನ್ ಎಂದು ತಿಳಿದಿದ್ದ ಆ ಪುಸ್ತಕವನ್ನು ಬಿಡಿಸಿ ನೋಡಿದರೆ ಅರಬ್ಬಿಯ ಬದಲು ಬಂಗಾಳಿ! ಅದು 'ಕಸಸೋಲ್ ಅಂಬಿಯಾ', ಪ್ರವಾದಿಗಳ ಕಥೆಗಳು. ಕಲ್ಕತ್ತೆಯಲ್ಲಿ ಅಚ್ಚಾದ ಸುಮಾರು ಐನೂರು ಪುಟಗಳ ಪದ್ಯಗ್ರಂಥ. ಬಂಗಾಳದ ಮುಸ್ಲಿಮರ ನಡುವೆ ಇಂಥವನ್ನು 'ಪುಥಿ' ಎನ್ನುತ್ತಾರೆ. ಬಂಗಾಳಿಯಲ್ಲಿ ಪಾರಸಿ, ಅರಬ್ಬಿ, ಹಿಂದೂಸ್ಥಾನಿ ಪದಗಳು ಹೊಕ್ಕು ಬೆರೆತ ಭಾಷೆ ಇವುಗಳದು. ಹಲವನ್ನು ಅರಬ್ಬಿ ಗ್ರಂಥಗಳಂತೆ ಬಲಗಡೆಯಿಂದ ತೆರೆಯುವ ಹಾಗೆ ಕಟ್ಟುತ್ತಿದ್ದರು. ಓದು ಬಾರದ ಕಣ್ಣಿಗೆ ಕುರಾನಾಗಿ ಕಂಡರೆ ಸೋಜಿಗವಿಲ್ಲ.

ಖಾತೂನ್ ಈ ಪುಸ್ತಕವನ್ನೇ ಎಳೆಯಾಗಿ ಹಿಡಿದು, ಹಿಂದೂಸ್ಥಾನ ಮತ್ತು ಆಸ್ಟ್ರೇಲಿಯಗಳ ನಡುವಿನ ಹಳೆಯ ಹೋಗಿಬರುವಿಕೆಯ ಇತಿಹಾಸವನ್ನು 2018ರಲ್ಲಿ 'ಆಸ್ಟ್ರೇಲಿಯನಾಮಾ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಇಂಗ್ಲಿಷ್ ದಾಖಲೆಗಳಷ್ಟನ್ನೇ ಓದಿ ಬರೆದ ಆಸ್ಟ್ರೇಲಿಯದ ಇತಿಹಾಸ ಅರೆಯಾದುದು ಎಂಬುದು ಅವರ ವಾದ. ನಮಗೆ ಅದು ಒಪ್ಪಿಗೆಯಾಗುತ್ತದೆ. ಆ ಪುಸ್ತಕವನ್ನು ಯಾರೂ ಸುಡಲಿಲ್ಲ, ಎಸೆಯಲಿಲ್ಲ; ಗೌರವದಿಂದಲೇ ಇಟ್ಟಿದ್ದರು, ಇನ್ನೊಂದು ಪುಸ್ತಕವೆಂದು ತಿಳಿದು. ನಮ್ಮ ಹೊರನಾಡಿನ ಮನೆಗಳಲ್ಲೂ ಅಜ್ಜ ರಾಗವಾಗಿ ಓದುತ್ತಿದ್ದ ಜೈಮಿನಿ ಭಾರತ ದೇವರ ಗೂಡು ಸೇರಿ, ಅರಿಸಿನ ಕುಂಕುಮ ಪಡೆಯುತ್ತಿರುತ್ತದೆ. ಮೊಮ್ಮಕ್ಕಳಿಗೆ ಅದು 'ಯಾವುದೋ ಪೂಜೆಯ ಪುಸ್ತಕ'.

ಪುಥಿ ಒಬ್ಬನೇ ಕೂತು ಮನಸ್ಸಿನಲ್ಲಿ ಓದಿಕೊಳ್ಳುವ ಗ್ರಂಥವಲ್ಲ. ನಮ್ಮ ಗಮಕಿಗಳ ಭಾರತದಂತೆ, ಸಂಜೆ ದೀಪ ಹಚ್ಚಿ ಒಬ್ಬ ದನಿಯೆತ್ತಿ ಓದುವುದು, ಸುತ್ತ ಕೂತವರು ಕೇಳುವುದು ಅದರ ಪದ್ಧತಿ. ಹಾಗಾದರೆ ಬ್ರೋಕನ್ ಹಿಲ್‌ನ ಒಂಟೆಗಳ ನಡುವೆ, ಕಾದ ತಗಡಿನ ಸೂರಿನಡಿಯಲ್ಲಿ, ಬಂಗಾಳಿ ಓದಬಲ್ಲವನೊಬ್ಬ ಇದ್ದಿರಬೇಕು. ಅದನ್ನು ಕೇಳಿ ತಲೆದೂಗಿದವನು ಒಬ್ಬನಾದರೂ ಇದ್ದಿರಬೇಕು. ಊರು ಅವರನ್ನು ಬಂಗಾಳಿಗಳೆಂದು ಕರೆದಿರಲಾರದು. ಅಲ್ಲಿ ಎಲ್ಲರೂ ಆಫ್ಘನ್ನರೇ.