ದಾಂಡುಚೆಂಡಿನ ಆಟವೂ ಭದ್ರಾವತಿಯೂ

ಆಟವೆಂಬುದು ಬಿಡುವಿನ ಹೊತ್ತನ್ನು ಕಳೆಯುವ ಒಂದು ಉಪಾಯವೆಂದು ಬಗೆದು, ಚರಿತ್ರೆಯನ್ನು ಬರೆಯುವವರು ಅದನ್ನು ಬಹುಮಟ್ಟಿಗೆ ಕಡೆಗಣಿಸಿರುವರು. ಆದರೆ ಒಂದು ಜನಸಮುದಾಯವು ಯಾವ ಆಟವನ್ನು ಆಡುವುದು, ಆ ಆಟಕ್ಕೆ ಯಾರನ್ನು ಸೇರಿಸಿಕೊಳ್ಳುವುದು, ಗೆಲುವಿಗಾಗಿ ಎಷ್ಟು ದೂರ ಹೋಗಲು ಒಪ್ಪುವುದು ಎಂಬ ಮೂರು ಸಂಗತಿಗಳನ್ನು ವಿಚಾರಿಸಿದಲ್ಲಿ, ಅದರ ಶೀಲವು ತಕ್ಕಮಟ್ಟಿಗೆ ತಿಳಿದುಬರುವುದು. ನಮ್ಮ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕೋಲಿನಿಂದ ಹೊಡೆದು ಆಡುವ ಆಟವು ನಮಗೆ ಹೊಸದಲ್ಲ. ಚಿನ್ನಿದಾಂಡನ್ನು ಅರಿಯದ ಹಳ್ಳಿಯು ಮಲೆನಾಡಿನಲ್ಲಿ ದುರ್ಲಭ. ಇಂಗ್ಲೆಂಡಿನಲ್ಲಿ ಈ ಬಗೆಯ ಆಟವು ಕ್ರಿಕೆಟ್ಟಾಗಿಯೂ ಅಮೆರಿಕದಲ್ಲಿ ಬೇಸ್‌ಬಾಲ್ ಆಗಿಯೂ ಬೆಳೆಯಿತು. ಬೇಸ್‌ಬಾಲಿನಲ್ಲಿ ಪಕ್ಷವೊಂದಕ್ಕೆ ಒಂಬತ್ತು ಮಂದಿ. ದಾಂಡಿಗನು ಚೆಂಡನ್ನು ಹೊಡೆದು, ಚೌಕದ ಮೂಲೆಗಳಲ್ಲಿರುವ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. 1869ರಲ್ಲಿ ಸಿನ್ಸಿನಾಟಿ ನಗರದ ತಂಡವು ತನ್ನ ಆಟಗಾರರೆಲ್ಲರಿಗೂ ಸಂಬಳವನ್ನು ಕೊಟ್ಟಿತು. ಅಂದಿನಿಂದ ಆ ಆಟವು ಅಲ್ಲಿ ವಿನೋದವಾಗಿದ್ದಂತೆಯೇ ವೃತ್ತಿಯೂ ಆಯಿತು.

ಈ ಎರಡು ದೇಶಗಳ ನೆರಳೂ ಭದ್ರಾವತಿಯ ಮೇಲೆ ಬಿದ್ದಿರುವುದು ಸ್ವಾರಸ್ಯವಾದ ಸಂಗತಿ. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡಿನ ಇದ್ದಿಲನ್ನೂ ನೆಚ್ಚಿಕೊಂಡು, ಮೈಸೂರು ಸರ್ಕಾರದವರು 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಯವನ್ನು ಆರಂಭಿಸಿದರು. ಸಿ. ಪಿ. ಪೆರಿನ್ ಎಂಬ ಅಮೆರಿಕದ ಎಂಜಿನಿಯರು ಅದಕ್ಕೆ ಸಲಹೆಗಾರರಾಗಿದ್ದರು. 1923ರಲ್ಲಿ ಊದುಕುಲುಮೆಯು ಉರಿಯತೊಡಗಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು, 1929ರ ವರೆಗೂ ಅದರ ಭಾರವನ್ನು ಹೊತ್ತರು. ಕಾರ್ಖಾನೆಯ ನಕ್ಷೆಗೆ ಅಮೆರಿಕದ ಸಲಹೆ ದೊರೆಯಿತಾದರೂ ಅಮೆರಿಕದ ಆಟವು ಇಲ್ಲಿ ಬೇರೂರಲಿಲ್ಲ. ಬೆಂಗಳೂರಿನ ದಂಡಿನಿಂದಲೂ ಶಾಲೆ ಕಾಲೇಜುಗಳಿಂದಲೂ ಕ್ರಿಕೆಟ್ಟು ಮೈಸೂರು ಸಂಸ್ಥಾನದಲ್ಲಿ ಅಷ್ಟರಲ್ಲೇ ಹರಡಿತ್ತು. 1934ರ ನವೆಂಬರ್ 4ರಂದು ರಣಜಿ ಪಂದ್ಯಾವಳಿಯ ಮೊತ್ತಮೊದಲ ಆಟವು ಮದರಾಸಿನಲ್ಲಿ ನಡೆದಾಗ, ಮದರಾಸಿನವರಿಗೆ ಇದಿರಾಗಿ ನಿಂತವರು ಮೈಸೂರಿನವರೇ. ಆ ಆಟವು ಒಂದೇ ದಿನದಲ್ಲಿ ಮುಗಿದುಹೋಯಿತು, ಮೈಸೂರಿನವರು ಸೋತರು.

ಕಾರ್ಖಾನೆಯ ಊರಿಗೂ ಆಟಕ್ಕೂ ಇರುವ ಸಂಬಂಧವನ್ನು ಅರಿಯಬೇಕಾದರೆ ಅಮೆರಿಕದ ದಕ್ಷಿಣ ಪ್ರಾಂತಗಳತ್ತ ನೋಡಬೇಕು. ಅಲ್ಲಿಯ ಹತ್ತಿಗಿರಣಿಗಳು ತಮ್ಮ ತಮ್ಮ ಬೇಸ್‌ಬಾಲ್ ತಂಡಗಳನ್ನು ಸಾಕುತ್ತಿದ್ದವು. ವಾರವೆಲ್ಲ ದುಡಿದ ಕೆಲಸಗಾರರು ಶನಿವಾರದ ಆಟದಲ್ಲಿ ತಮ್ಮ ಗಿರಣಿಯ ಗೆಲುವನ್ನು ತಮ್ಮ ಮನೆಯ ಗೆಲುವೆಂದು ಭಾವಿಸುತ್ತಿದ್ದರು. ದಕ್ಷಿಣ ಕೆರೊಲಿನದ ಗ್ರೀನ್‌ವಿಲ್ಲಿನ ಬ್ರಾಂಡನ್ ಗಿರಣಿಯಲ್ಲಿ ಚಿಕ್ಕಂದಿನಿಂದಲೇ ದುಡಿದ ಜೋ ಜಾಕ್ಸನ್ ಎಂಬುವನು, ಓದುಬರಹವಿಲ್ಲದಿದ್ದರೂ, ತನ್ನ ದಾಂಡಿನ ಬಲದಿಂದ ದೇಶಪ್ರಸಿದ್ಧನಾದನು. ಆದರೆ 1919ರ ಮಹಾಪಂದ್ಯದಲ್ಲಿ ಜೂಜುಗಾರರ ಹಣಕ್ಕೆ ಒಳಗಾಗಿ ಬೇಕೆಂದೇ ಸೋತರೆಂಬ ಆರೋಪವು ಆತನ ತಂಡದ ಎಂಟು ಮಂದಿಯ ಮೇಲೆ ಬಂದಿತು. ಆ ಎಂಟು ಮಂದಿಯಲ್ಲಿ ಜಾಕ್ಸನ್ನನೂ ಒಬ್ಬನು. 1921ರಲ್ಲಿ ನ್ಯಾಯಸ್ಥಾನವು ಅವರನ್ನು ನಿರ್ದೋಷಿಗಳೆಂದು ಬಿಟ್ಟರೂ, ಬೇಸ್‌ಬಾಲಿನ ಅಧಿಕಾರಿಗಳು ಅವರನ್ನು ಆಜೀವವಾಗಿ ಹೊರಹಾಕಿದರು. ಆತನ ಪಾಲಿನ ತಪ್ಪೆಷ್ಟೆಂಬುದು ಇಂದಿಗೂ ವಾದಗ್ರಸ್ತ. 1951ರಲ್ಲಿ ಮೃತನಾದ ಆತನ ಹೆಸರನ್ನು ಬಹಿಷ್ಕೃತರ ಪಟ್ಟಿಯಿಂದ ತೆಗೆದುದು 2025ರಲ್ಲಿ. ಬಡವನ ಮಗನನ್ನು ಮೇಲಕ್ಕೆತ್ತಿದ ಆಟವೇ, ಹಣದ ಆಸೆಯು ಬೆರೆತಾಗ, ಅವನನ್ನು ಹೇಗೆ ಕೆಳಕ್ಕೆ ತಳ್ಳಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ನಮ್ಮ ಕಾರ್ಖಾನೆಯ ಊರಿನ ಮಗನೊಬ್ಬನ ವೃತ್ತಾಂತವನ್ನು ನೋಡೋಣ. ಗುಂಡಪ್ಪ ರಂಗನಾಥ ವಿಶ್ವನಾಥರು ಭದ್ರಾವತಿಯಲ್ಲಿ 1949ರ ಫೆಬ್ರವರಿ 12ರಂದು ಜನಿಸಿದರು. ಆಟವನ್ನು ಕಲಿತು ಬೆಳೆದುದು ಬೆಂಗಳೂರಿನಲ್ಲಿ. ಆದಕಾರಣ ಗುರುಸ್ಥಾನದ ಕೀರ್ತಿಯು ಆ ನಗರಕ್ಕೂ, ಜನ್ಮಸ್ಥಾನದ ಹೆಮ್ಮೆಯು ನಮಗೂ ಸಲ್ಲತಕ್ಕದ್ದು. 1967ರಲ್ಲಿ ಮೈಸೂರಿನ ಪರವಾಗಿ ಆಡಿದ ಪ್ರಥಮ ರಣಜಿ ಪಂದ್ಯದಲ್ಲಿಯೇ ಅವರು ಆಂಧ್ರದ ವಿರುದ್ಧ 230 ಓಟಗಳನ್ನು ಗಳಿಸಿದರು. 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟನ್ನು ಆಡಿದಾಗ, ಮೊದಲನೆಯ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಒಟ್ಟು 91 ಟೆಸ್ಟುಗಳಲ್ಲಿ 6080 ಓಟಗಳು, 14 ಶತಕಗಳು. ಅವರು ಶತಕವನ್ನು ಬಾರಿಸಿದ ಒಂದು ಟೆಸ್ಟಿನಲ್ಲಿಯೂ ಭಾರತವು ಸೋಲಲಿಲ್ಲ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರ ನವೆಂಬರ್ 1ರಂದು. ಆ ಋತುವಿನಲ್ಲಿಯೇ, ಹದಿನೈದು ವರ್ಷ ಎಡೆಬಿಡದೆ ಗೆದ್ದಿದ್ದ ಮುಂಬಯಿಯನ್ನು ಹಿಂದಿಕ್ಕಿ, ಕರ್ನಾಟಕವು ಮೊದಲ ಬಾರಿಗೆ ರಣಜಿ ಪಾರಿತೋಷಕವನ್ನು ಪಡೆಯಿತು. ಆ ತಂಡದಲ್ಲಿ ವಿಶ್ವನಾಥರೂ ಇದ್ದರು. ಹೊಸ ಹೆಸರಿನ ನಾಡಿಗೆ ಇದಕ್ಕಿಂತ ಮಂಗಳಕರವಾದ ಆರಂಭವು ಮತ್ತಾವುದಿದ್ದೀತು?

ಆದರೆ ಅವರ ಜೀವನದಲ್ಲಿ ನಮ್ಮ ಪ್ರಕರಣಕ್ಕೆ ಮುಖ್ಯವಾದುದು ಗೆಲುವಲ್ಲ, ಸೋಲು. 1980ರ ಫೆಬ್ರವರಿಯಲ್ಲಿ ಭಾರತದ ಕ್ರಿಕೆಟ್ ಮಂಡಲಿಯ ಸುವರ್ಣ ಮಹೋತ್ಸವದ ಟೆಸ್ಟು ಮುಂಬಯಿಯಲ್ಲಿ ನಡೆಯಿತು. ಭಾರತದ ನಾಯಕರು ವಿಶ್ವನಾಥರು. ಇಂಗ್ಲೆಂಡು 58 ಓಟಗಳಿಗೆ ಐವರನ್ನು ಕಳೆದುಕೊಂಡು ಸಂಕಟದಲ್ಲಿತ್ತು. ಮುಂದೆ ಬಾಬ್ ಟೇಲರನ ದಾಂಡಿಗೆ ಚೆಂಡು ತಾಗಿ ಹಿಡಿಯಲ್ಪಟ್ಟಿತೆಂದು ಅಂಪೈರು ಬೆರಳನ್ನೆತ್ತಿದರು. ಹತ್ತಿರದಲ್ಲಿಯೇ ನಿಂತಿದ್ದ ವಿಶ್ವನಾಥರಿಗೆ ಚೆಂಡು ದಾಂಡನ್ನು ಮುಟ್ಟಿಲ್ಲವೆಂದು ಮನದಟ್ಟಾಯಿತು. ಅವರು ತೀರ್ಪನ್ನು ಹಿಂದೆಗೆದುಕೊಳ್ಳುವಂತೆ ಕೇಳಿ, ಟೇಲರನನ್ನು ಮರಳಿ ಕರೆಸಿದರು. ಟೇಲರನೂ ಬಾಥಮನೂ ಸೇರಿ 171 ಓಟಗಳನ್ನು ಕೂಡಿಸಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ತಪ್ಪು ತೀರ್ಪಿನ ಲಾಭವನ್ನು ಸುಮ್ಮನೆ ಇಟ್ಟುಕೊಂಡಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆ ಪಂದ್ಯವನ್ನು ಗೆದ್ದವರಾರೆಂಬುದನ್ನು ಮರೆತವರು ಕೂಡ ಆ ಕರೆಯನ್ನು ಮರೆತಿಲ್ಲ.

ಆಟದ ನ್ಯಾಯವು ಅಂಗಳದೊಳಗೆ ಮಾತ್ರ ಇದ್ದರೆ ಸಾಲದು. ಅಂಗಳದ ಬಾಗಿಲಿನಲ್ಲಿಯೂ ಇರಬೇಕು. ಕರಿಯ ಬಣ್ಣದವರನ್ನು ಅಮೆರಿಕದ ದೊಡ್ಡ ತಂಡಗಳು ದಶಕಗಳ ಕಾಲ ಹೊರಗಿಟ್ಟಿದ್ದವು. 1920ರಲ್ಲಿ ಅವರು ತಮ್ಮದೇ ಆದ ಕೂಟವನ್ನು ಕಟ್ಟಿಕೊಂಡರು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರವಾಗಿ ಕಣಕ್ಕಿಳಿದಾಗ ಆ ಬೇಲಿಯು ಮುರಿಯಿತು. ಇದನ್ನು ಓದಿ ಪರರನ್ನು ಹಳಿಯುವ ಮೊದಲು ನಮ್ಮ ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ ಅವರನ್ನು ನೆನೆಯಬೇಕು. 1911ರ ಇಂಗ್ಲೆಂಡಿನ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಉರುಳಿಸಿದ ಆ ಮಹಾ ಬೌಲರಿಗೆ, ಅಸ್ಪೃಶ್ಯರೆಂಬ ಕಾರಣದಿಂದ, ಪುಣೆಯಲ್ಲಿ ಸ್ವಂತ ತಂಡದವರೇ ಚಹವನ್ನು ಹೊರಗೆ, ಬೇರೆಯ ಮಣ್ಣಿನ ಬಟ್ಟಲಿನಲ್ಲಿ ಕೊಡುತ್ತಿದ್ದರು. ಹಿಂದೂ ತಂಡದ ನಾಯಕತ್ವವು ಅವರಿಗೆ ದೊರೆಯಲೇ ಇಲ್ಲ; 1923ರಲ್ಲಿ ಅದು ಅವರ ತಮ್ಮ ವಿಠ್ಠಲರಿಗೆ ಸಂದಿತು. ಚೆಂಡನ್ನು ಒಟ್ಟಿಗೆ ಮುಟ್ಟಿದವರು ಬಟ್ಟಲನ್ನು ಒಟ್ಟಿಗೆ ಮುಟ್ಟಲು ಅಷ್ಟು ಕಾಲ ಬೇಕಾಯಿತು.

ಭದ್ರಾವತಿಯು ಈ ಪಾಠವನ್ನು ಕಲಿಯಲು ತಕ್ಕ ಊರು. ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರನ್ನು ಒಂದೇ ಕುಲುಮೆಯ ಮುಂದೆ ನಿಲ್ಲಿಸಿದ ಊರು ಅದು. ಇಂದು ಅಲ್ಲಿಯ ಕಾಗದದ ಕಾರ್ಖಾನೆಯು ನಿಂತಿದೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರಲ್ಲಿ ಹೊರಟಾಗ ಕಾರ್ಮಿಕರು ಬೀದಿಗಿಳಿದರು. ದುಡಿಮೆಯು ಒಂದುಗೂಡಿಸಿದ ಜನರನ್ನು, ದುಡಿಮೆಯು ಕುಂದಿದ ಕಾಲದಲ್ಲಿ ಯಾವುದು ಒಂದುಗೂಡಿಸೀತು? ಆಟವು ಅನ್ನವನ್ನು ಕೊಡಲಾರದು. ಕಾರ್ಖಾನೆಯ ಸ್ಥಾನವನ್ನು ಅದು ತುಂಬುವುದೆಂದು ಹೇಳುವುದು ಆತ್ಮವಂಚನೆ. ಆದರೆ ಜಾತಿ ಭಾಷೆಗಳನ್ನು ಕೇಳದೆ, ಹೆಣ್ಣು ಗಂಡೆಂಬ ಭೇದವನ್ನು ಎಣಿಸದೆ ಮಕ್ಕಳನ್ನು ಸೇರಿಸುವ ಒಂದು ಬಯಲನ್ನು ಊರು ಉಳಿಸಿಕೊಳ್ಳಬಹುದು. ಶಿವಮೊಗ್ಗೆಯ ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವಿರುವುದು ಸಂತೋಷದ ಸಂಗತಿ. ಆದರೂ ಕಟ್ಟಡಕ್ಕಿಂತ ಮಿಗಿಲಾದುದು ಅಲ್ಲಿ ಕಲಿಯುವ ನಡತೆ. ತನಗೆ ಸಲ್ಲದ ಗೆಲುವನ್ನು ಹಿಂದಿರುಗಿಸಬಲ್ಲ ಮಕ್ಕಳನ್ನು ಬೆಳೆಸಿದ ಊರು, ಪಂದ್ಯಗಳನ್ನು ಎಷ್ಟು ಸೋತರೂ, ಸೋತ ಊರೆನಿಸದು.