ವಿಷದ ಬೀಜದಿಂದ ಮರೆವಿನ ಮಾತ್ರೆಯವರೆಗೆ

ಇವತ್ತಿನ ನೈಜೀರಿಯಾದಲ್ಲಿ ಕಲಬಾರ್ ಎಂಬ ಪಟ್ಟಣವಿದೆ. ಅಲ್ಲಿನ ಎಫಿಕ್ ಜನರಲ್ಲಿ ಹಿಂದೆ ಯಾರ ಮೇಲಾದರೂ ಮಾಟ ಮಾಡಿದ ಅನುಮಾನ ಬಂದರೆ, ಒಂದು ಬಳ್ಳಿಯ ಬೀಜ ಅರೆದು ನೀರಲ್ಲಿ ಕದಡಿ ಕುಡಿಸುತ್ತಿದ್ದರು. ವಾಂತಿ ಮಾಡಿಕೊಂಡು ಬದುಕಿದವರು ನಿರಪರಾಧಿ. ಸತ್ತವರು ತಪ್ಪಿತಸ್ಥರು. ಅಷ್ಟೇ ನ್ಯಾಯ.

1855ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ವೈದ್ಯ ರಾಬರ್ಟ್ ಕ್ರಿಸ್ಟಿಸನ್ ಆ ಬೀಜವನ್ನು ತಾವೇ ತಿಂದು ನೋಡಿದರು. ತಲೆ ತಿರುಗಿ ಕೈಕಾಲು ಸೋತಾಗ ಗಡ್ಡ ಹೆರೆದುಕೊಂಡಿದ್ದ ಸೋಪಿನ ನೀರನ್ನೇ ಕುಡಿದು ವಾಂತಿ ಮಾಡಿಕೊಂಡು ಉಳಿದರು! 1864ರಲ್ಲಿ ಯೋಬ್ಸ್ಟ್ ಮತ್ತು ಹೆಸ್ಸೆ ಎಂಬ ಜರ್ಮನ್ನರು ಬೀಜದಿಂದ ವಿಷವನ್ನು ಬೇರ್ಪಡಿಸಿದರು. ಅದೇ ಫೈಸೊಸ್ಟಿಗ್ಮಿನ್. ಮುಂದೆ ಅದು ಕಣ್ಣಿನ ಗ್ಲಾಕೋಮಾಕ್ಕೆ ಔಷಧವಾಯಿತು.

ಅದು ಹೇಗೆ ಕೊಲ್ಲುತ್ತದೆ ಎಂಬುದು ತಿಳಿದದ್ದು 1926ರಲ್ಲಿ, ಆಸ್ಟ್ರಿಯಾದ ಆಟ್ಟೊ ಲೋವಿ ಮತ್ತು ಅವರ ಜೊತೆಗಾರರಿಂದ. ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಮುಟ್ಟಿದ ಮೇಲೆ ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕಬೇಕು. ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ಕೊನೆಗೆ ಉಸಿರೇ ನಿಲ್ಲುತ್ತದೆ.

ಈ ಲಕ್ಷಣ ಎಲ್ಲೋ ಕೇಳಿದಂತಿದೆಯೇ? ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಕ್ಲೋರೋಪೈರಿಫಾಸ್, ಪ್ರೊಫೆನೊಫಾಸ್ ಮಾಡುವುದೂ ಇದನ್ನೇ. ಎಣ್ಣೆ ಹೊಡೆದು ಬಂದವರಿಗೆ ಬಾಯಲ್ಲಿ ನೊರೆ ಬಂದು ಕಣ್ಣಿನ ಪಾಪೆ ಚಿಕ್ಕದಾದರೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಚುಚ್ಚುವುದು ಇದೇ ಕಾರಣಕ್ಕೆ. ಮನೆಮದ್ದು ಮಾಡುತ್ತಾ ಕೂರುವ ಹೊತ್ತಲ್ಲ ಅದು.

ಇನ್ನು ಮರೆವಿನ ಕಥೆ. ಅಜ್ಜ-ಅಜ್ಜಿ ಮನೆಯವರ ಗುರುತನ್ನೇ ಮರೆತರೆ ನಮ್ಮ ಊರುಗಳಲ್ಲಿ 'ಅರಳು ಮರಳು' ಅಂದು ಬಿಟ್ಟುಬಿಡುತ್ತೇವೆ. ಅದರಲ್ಲಿ ಹಲವು ಅಲ್ಜೈಮರ್ ಕಾಯಿಲೆ. 1976ರಲ್ಲಿ ಅದೇ ಎಡಿನ್‌ಬರೋದಲ್ಲಿ ಪೀಟರ್ ಡೇವಿಸ್ ಮತ್ತು ಮಲೋನಿ, ಇಂಥವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಮಾಡುವ ನರಕೋಶಗಳು ಕಡಿಮೆಯಾಗಿರುವುದನ್ನು ತೋರಿಸಿದರು. ಇರುವಷ್ಟನ್ನಾದರೂ ಒಡೆಯದಂತೆ ಉಳಿಸಿಕೊಂಡರೆ? ಕೊಲ್ಲುವ ಉಪಾಯವೇ ಸಣ್ಣ ಅಳತೆಯಲ್ಲಿ ಮದ್ದಾಯಿತು.

ಮೊದಲ ಮಾತ್ರೆ ಟ್ಯಾಕ್ರಿನ್. ಅಮೆರಿಕ 1993ರಲ್ಲಿ ಒಪ್ಪಿಗೆ ಕೊಟ್ಟಿತು. ದಿನಕ್ಕೆ ನಾಲ್ಕು ಸಲ ನುಂಗಬೇಕಿತ್ತು, ಲಿವರಿಗೂ ಪೆಟ್ಟು. ಬಹಳ ಕಾಲ ನಿಲ್ಲಲಿಲ್ಲ. ಜಪಾನಿನಲ್ಲಿ ಹಚಿರೊ ಸುಗಿಮೊಟೊ ಎಂಬ ವಿಜ್ಞಾನಿಯ ತಾಯಿಗೇ ಮರೆವಿನ ಕಾಯಿಲೆ ಬಂದು, ಮಗನ ಗುರುತೂ ಸಿಗದಾಗಿತ್ತು. ಅವರ ತಂಡ ಕಂಡುಹಿಡಿದ ಡೊನೆಪೆಜಿಲ್‌ಗೆ 1996ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ದಿನಕ್ಕೆ ಒಂದೇ ಮಾತ್ರೆ. ಆಮೇಲೆ ರಿವಾಸ್ಟಿಗ್ಮಿನ್, ಹೂಗಿಡದ ಗಡ್ಡೆಯಲ್ಲಿ ಸಿಕ್ಕ ಗ್ಯಾಲಂಟಮಿನ್ ಬಂದವು.

ಇವು ಕಾಯಿಲೆ ವಾಸಿ ಮಾಡುವುದಿಲ್ಲ. ನರಕೋಶ ಸಾಯುವುದು ನಿಲ್ಲುವುದಿಲ್ಲ. ಕೆಲವರಿಗೆ ಸ್ವಲ್ಪ ಕಾಲ ಮಾತು, ನೆನಪು, ದಿನದ ಕೆಲಸ ಒಂದಿಷ್ಟು ಹಿಡಿತದಲ್ಲಿರುತ್ತವೆ, ಕೆಲವರಿಗೆ ಅದೂ ಇಲ್ಲ. 'ಮರೆವು ಪೂರ್ತಿ ಹೋಗುತ್ತದೆ' ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಹಾಗಂತ ಮಾತ್ರೆ ದಂಡ ಅಂತಲೂ ನಾವು ಹೇಳುತ್ತಿಲ್ಲ. ಅಜ್ಜಿ ಇನ್ನೊಂದಿಷ್ಟು ತಿಂಗಳು ತಾನೇ ಊಟ ಮಾಡಿದರೆ ಮನೆಯವರಿಗೆ ಅದು ಚಿಕ್ಕ ವಿಷಯವಲ್ಲ.

ವಾಕರಿಕೆ, ಭೇದಿ, ನಾಡಿ ನಿಧಾನವಾಗುವುದು ಇದರ ಅಡ್ಡ ಪರಿಣಾಮ. ಹಾಗಾಗಿ ಹೃದಯದ ತೊಂದರೆ ಇದ್ದರೆ ಮಾತ್ರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೂ ಮಾತ್ರೆಯ ಚೀಟಿ ತೋರಿಸಿ.