ಅಚ್ಚಿನ ಹಂಚು, ಬದಲಾದ ಮಾಡು

ಯಂತ್ರಯುಗ ಕಟ್ಟಡಗಳನ್ನು ಬದಲಿಸಿದ ಕತೆಯೆಂದರೆ ಕಬ್ಬಿಣ, ಗಾಜುಗಳ ಕತೆ ಎಂದೇ ರೂಢಿ: 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್, ಅದರ ಜಾಡಿನಲ್ಲಿ ನಮ್ಮ ಲಾಲ್‌ಬಾಗಿನ ಗಾಜಿನ ಮನೆ. ಕರಾವಳಿಗೆ ಮಾತ್ರ ಆ ಯುಗ ಮಣ್ಣಿನ ರೂಪದಲ್ಲೇ ಬಂತು, ಅದೂ ನೇರ ನೆತ್ತಿಯ ಮೇಲಕ್ಕೆ.

ಅದಕ್ಕೆ ಮುಂಚೆ ಇಲ್ಲಿ ಗೋಡೆಯ ಮೇಲಿದ್ದದ್ದು ಮುಳಿಹುಲ್ಲು, ಇಲ್ಲವೇ ತೆಂಗಿನ ಗರಿ. ಆಗಾಗ ಹೊಸದಾಗಿ ಹೊದಿಸಬೇಕು, ಬೇಸಗೆಯಲ್ಲಿ ಬೆಂಕಿಯ ಭಯ ಬೇರೆ. ಕುಂಬಾರರು ತಿಗರಿಯಲ್ಲಿ ಕೊಳವೆಯಂತೆ ಎತ್ತಿ, ಉದ್ದಕ್ಕೆ ಸೀಳಿ ಸುಡುತ್ತಿದ್ದ ನಾಡಹಂಚು ಅನುಕೂಲವಿದ್ದವರ ಪಾಲು. ಪದರ ಪದರವಾಗಿ ಕವುಚುವುದರಿಂದ ಭಾರ. ಮಂಗ ಒಮ್ಮೆ ಓಡಾಡಿದರೆ ಸಾಕು, ಸರಿದು ಸೋರುತ್ತಿತ್ತು. ಭಟ್ಕಳ, ಮೂಡುಬಿದಿರೆಗಳ ಗುಡಿ–ಬಸದಿಗಳಲ್ಲಿ ಕಲ್ಲುಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಆ ವೈಭವ ದೇವರಿಗಷ್ಟೇ ಸಾಧ್ಯವಿತ್ತು.

ಅಲ್ಸಾಸ್ ಪ್ರಾಂತದ ಜಿಲಾರ್ದೊನಿ ಸೋದರರು 1841ರಲ್ಲಿ ಪೇಟೆಂಟ್ ಪಡೆದ ಹಂಚು ಬೇರೆ ತರಹದ್ದು. ಅಂಚಿನ ತೋಡು, ಏಣುಗಳಿಂದ ಪಕ್ಕದ ಹಂಚನ್ನು ಕಚ್ಚಿಕೊಳ್ಳುವಂಥದ್ದು. ಅಂಥ ಹಂಚನ್ನು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಮಾಡತೊಡಗಿದವನು ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್. ಅವನು ಮೊದಲು ದುಡಿದದ್ದು ಮಿಶನ್ನಿನ ಮುದ್ರಣಾಲಯದಲ್ಲಿ. ಅಕ್ಷರದ ಅಚ್ಚಿನಿಂದ ಹಂಚಿನ ಅಚ್ಚಿಗೆ ಬಂದವನು. ನೇತ್ರಾವತಿ ದಂಡೆಯ ಜೇಡಿಮಣ್ಣು, ಭಟ್ಟಿಗೆ ಸೌದೆ, ಸಾಗಾಟಕ್ಕೆ ಹೊಳೆ ಮತ್ತು ಕಡಲು ಎಲ್ಲ ಒಂದೇ ಕಡೆ ಸಿಕ್ಕಿದವು. ಬೇಗನೆ ಊರಿನವರೂ ಕಾರ್ಖಾನೆ ತೆರೆದರು. ಹಂಚು ಮಂಜಿ, ಹಡಗುಗಳನ್ನೇರಿ ಮುಂಬಯಿಗೆ, ಪೂರ್ವ ಆಫ್ರಿಕಕ್ಕೆ ಹೊರಟಿತು.

ನನಗೆ ಇಲ್ಲಿ ಮುಖ್ಯವೆನಿಸುವುದು ಅಳತೆ. ನಾಡಹಂಚು ಒಂದರಂತೆ ಇನ್ನೊಂದಿಲ್ಲ. ಅಚ್ಚಿನ ಹಂಚುಗಳೆಲ್ಲ ಒಂದೇ ತೆರ. ಹಾಗಾಗಿ ರೀಪಿನಿಂದ ರೀಪಿಗೆ ಎಷ್ಟು ಅಂತರ ಎಂಬುದನ್ನು ಬಡಗಿಯ ಬದಲು ಕಾರ್ಖಾನೆ ತೀರ್ಮಾನಿಸಿತು. ಮಾಡು ಹಗುರಾಯಿತು, ಪಕಾಸು ತೆಳುವಾಯಿತು, ಅಂಕುಡೊಂಕಿನ ಮರ ನಡೆಯದೆ ಗರಗಸದಲ್ಲಿ ಸಮವಾಗಿ ಸೀಳಿದ್ದೇ ಬೇಕಾಯಿತು. ಎಷ್ಟು ಸಾವಿರ ಹಂಚು ಬೇಕೆಂದು ಪಾಯ ಹಾಕುವ ಮೊದಲೇ ಲೆಕ್ಕ ಹಾಕಬಹುದಾಯಿತು. ನಡುವೆ ಒಂದೆರಡು ಗಾಜಿನ ಹಂಚು ಇಟ್ಟರೆ ಕತ್ತಲೆಯ ಅಡುಗೆಮನೆಗೂ ಬೆಳಕು. ಇಷ್ಟಾದರೂ ಜಗಲಿ, ಅಂಗಳ, ಇಳಿಮಾಡು ಇದ್ದಲ್ಲೇ ಉಳಿದವು. ಹೊಸ ಸಾಮಗ್ರಿ ಹಳೆಯ ಮನೆಯನ್ನು ಇಷ್ಟು ಮರ್ಯಾದೆಯಿಂದ ಹೊಕ್ಕದ್ದು ಅಪರೂಪ.

ಸಿಮೆಂಟು ಅಷ್ಟು ನಾಜೂಕಿನದಲ್ಲ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಆ ಪುಡಿ ಕಬ್ಬಿಣದ ಸರಳುಗಳ ಜತೆಗೂಡಿ ಇಳಿಜಾರನ್ನೇ ಅಳಿಸಿತು. ತಾರಸಿ ಮನೆ ಅಂತಸ್ತಿನ ಗುರುತಾಯಿತು. ಮೇಲೆ ಇನ್ನೊಂದು ಮಹಡಿ ಎತ್ತಬಹುದೆಂಬ ಆಸೆಯೂ ಅದರಲ್ಲಿತ್ತು. ಇತ್ತ ಮಣ್ಣು, ಸೌದೆ, ಕೂಲಿ ಮೂರೂ ತುಟ್ಟಿಯಾಗಿ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕರಾವಳಿಯ ಮಳೆಗೆ ತಾರಸಿ ಸೋರತೊಡಗಿದಾಗ ಜನ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ತಗಡಿನ ಶೀಟು ಹೊದಿಸಿ, ಮತ್ತೆ ಇಳಿಜಾರು ಮಾಡಿಕೊಂಡರು. ಆ ಶೀಟುಗಳಲ್ಲಿ ಕೆಲವಕ್ಕೆ ಕೆಂಪು ಬಣ್ಣ, ಹಂಚಿನದೇ ಆಕಾರ.